ಬೇಸಿಗೆಯ ಸೌತ್ ಪ್ಲಾಟ್: ಟ್ರೌಟ್ ಬಿಟ್ಟು ಗೆಂಡೆಯ ಕಡೆಗೆ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಸೌತ್ ಪ್ಲಾಟ್ ನದಿಯ ಜೊತೆಯಲ್ಲೇ ಇಳಿದು ಬಂದವರಿಗೆ ಒಂದೇ ಹೆಸರಿನಲ್ಲಿ ಎರಡು ನದಿಗಳು ಕಾಣುತ್ತವೆ. ಮಾಸ್ಕ್ವಿಟೊ ಪರ್ವತಸಾಲಿನ ಹಿಮ ಕರಗಿ ಹುಟ್ಟುವ ಮೇಲಿನ ನದಿ, ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರಿನ ಆಸುಪಾಸಿನಲ್ಲಿರುವ ಸೌತ್ ಪಾರ್ಕ್ ಎಂಬ ವಿಶಾಲ ಹುಲ್ಲುಗಾವಲಿನಲ್ಲಿ ಅಂಕುಡೊಂಕಾಗಿ ಹರಿದು, ಸ್ಪಿನ್ನಿ ಮೌಂಟನ್, ಇಲೆವೆನ್ ಮೈಲ್, ಚೀಸ್‌ಮನ್ ಜಲಾಶಯಗಳಲ್ಲಿ ತಂಗಿ, ಪೈನ್ ಮರಗಳ ಕಣಿವೆಯಲ್ಲಿ ಬಂಡೆಯಿಂದ ಬಂಡೆಗೆ ಇಳಿಯುತ್ತದೆ. ಟ್ರೌಟ್ ಮೀನಿಗಾಗಿ ದೂರದೂರದಿಂದ ಜನ ಬಂದು ನಿಲ್ಲುವುದು ಈ ನೀರಿನಲ್ಲಿ. ವಾಟರ್‌ಟನ್ ಕಣಿವೆ ದಾಟಿ ಚಾಟ್‌ಫೀಲ್ಡ್ ಅಣೆಕಟ್ಟಿನಿಂದ ಹೊರಬಿದ್ದ ಮೇಲೆ ಅದೇ ನದಿ ಬೇರೆಯೇ ಆಗುತ್ತದೆ. ಡೆನ್ವರ್ ನಗರದ ನಡುವೆ ರೈಲು ಹಳಿ, ಹೆದ್ದಾರಿ, ಗೋದಾಮುಗಳ ಪಕ್ಕದಲ್ಲಿ, ಸಾಲು ಸಾಲು ಸೇತುವೆಗಳ ಕೆಳಗೆ, ಕಾಂಕ್ರೀಟ್ ಮತ್ತು ಕಲ್ಲಿನ ತಡೆಗಳ ಮೇಲೆ ನಿಧಾನವಾಗಿ ಹರಿಯುತ್ತದೆ. ಇಲ್ಲಿ ಬೇಸಿಗೆಯಲ್ಲಿ ಎದ್ದು ಕಾಣುವ ಮೀನು ಕಾರ್ಪ್, ನಮ್ಮ ಮೀನುಗಾರಿಕೆ ಇಲಾಖೆಯವರು ಸಾಮಾನ್ಯ ಗೆಂಡೆ ಎಂದು ಕರೆಯುವ ಮೀನು. ಮೇಲಿನ ನದಿಗೆ ಕೀರ್ತಿಯಿದೆ, ಕೆಳಗಿನದಕ್ಕೆ ಇಲ್ಲ. ಆದರೆ ಜುಲೈ, ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಗಾಳದ ಕೋಲು ಹಿಡಿದವರು ಹೋಗಬೇಕಾದದ್ದು ಈ ಕೆಳಗಿನ ನದಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಮೀನನ್ನು ಹಿಡಿಯಬೇಕೆಂದು ತೀರ್ಮಾನಿಸಬೇಕಾದದ್ದು ಆ ಹೊತ್ತಿನ ನೀರು ಮತ್ತು ಋತು. ಮೀನಿನ ಪ್ರತಿಷ್ಠೆಗೆ ಆ ತೀರ್ಮಾನವನ್ನು ಬಿಟ್ಟುಕೊಡಬಾರದು.

ಫ್ಲೈ ಫಿಶಿಂಗ್ ನಮ್ಮಲ್ಲಿ ಹೆಚ್ಚಿಗೆ ಬಳಕೆಯಲ್ಲಿಲ್ಲದ ವಿದ್ಯೆ. ನಮ್ಮ ಕೆರೆ ಏರಿಯ ಮೇಲೆ ಕೂತು ಗಾಳ ಹಾಕುವವರು ಎರೆಹುಳುವನ್ನೋ ರಾಗಿ ಮುದ್ದೆಯ ಉಂಡೆಯನ್ನೋ ಕೊಕ್ಕೆಗೆ ಸಿಕ್ಕಿಸಿ, ಬೆಂಡು ಮುಳುಗುವುದನ್ನು ಕಾಯುತ್ತಾರೆ. ಫ್ಲೈ ಫಿಶಿಂಗ್‌ನಲ್ಲಿ ಕೊಕ್ಕೆಯ ಮೇಲೆ ಗರಿ, ತುಪ್ಪಳ, ದಾರ ಸುತ್ತಿ ನೀರುಹುಳುವನ್ನೋ ನೊಣವನ್ನೋ ಸೀಗಡಿಯನ್ನೋ ಹೋಲುವ ಹಗುರ ಆಕೃತಿಯೊಂದನ್ನು ಕಟ್ಟುತ್ತಾರೆ. ಅದಕ್ಕೆ ಎಸೆಯುವಷ್ಟು ತೂಕವಿರುವುದಿಲ್ಲ. ತೂಕ ಇರುವುದು ದಪ್ಪ ದಾರದಲ್ಲಿ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ದಾರವನ್ನು ಗಾಳಿಯಲ್ಲಿ ಬಿಚ್ಚಿದಾಗ ಅದು ತುದಿಯ ಫ್ಲೈಯನ್ನು ಒಯ್ದು ನೀರಿನ ಮೇಲೆ ಇಡುತ್ತದೆ. ಈ ಕಲೆ ಶತಮಾನಗಳಿಂದ ಟ್ರೌಟ್ ಮತ್ತು ಸಾಲ್ಮನ್‌ಗಳ ಸುತ್ತ ಬೆಳೆದಿರುವುದರಿಂದ, ಆ ಮೀನುಗಳೇ ಇದಕ್ಕೆ ಯೋಗ್ಯ, ಉಳಿದವು ಕಾಲಹರಣಕ್ಕೆ ಎಂಬ ಭಾವನೆ ಗಟ್ಟಿಯಾಗಿದೆ. ರಾಕಿ ಪರ್ವತಗಳಲ್ಲಿ ಮೇ, ಜೂನ್‌ನಲ್ಲಿ ಹಿಮ ಕರಗಿ ಹೊಳೆಗಳು ಕೆನ್ನೀರಿನಿಂದ ಉಬ್ಬುತ್ತವೆ. ಅದು ಇಳಿದು ನೀರು ತಿಳಿಯಾದ ಕೆಲವೇ ವಾರಗಳಲ್ಲಿ ಕೆಳಮಟ್ಟದ ಹೊಳೆಗಳು ಬಿಸಿಯೇರಿ ಬತ್ತತೊಡಗುತ್ತವೆ. ಟ್ರೌಟ್ ಹಿಡಿಯುವವರಿಗೆ ಬಿಡುವಿನ ಕಾಲ ಎನ್ನಬೇಕಾದದ್ದು ಇದೇ. ಆದರೆ ಶಾಲೆಗಳಿಗೆ ರಜೆ, ಪ್ರವಾಸಿಗರ ನೂಕುನುಗ್ಗಲು, ದೀರ್ಘ ಹಗಲು ಎಲ್ಲ ಸೇರುವುದೂ ಇದೇ ತಿಂಗಳುಗಳಲ್ಲಿ. ಮೀನಿಗೆ ವಿಶ್ರಾಂತಿ ಬೇಕಾದ ಹೊತ್ತಿಗೇ ಮನುಷ್ಯನಿಗೆ ಬಿಡುವು ಸಿಗುತ್ತದೆ. ಸಮಸ್ಯೆಯ ಬೇರು ಇಲ್ಲಿದೆ.

ಟ್ರೌಟ್ ತಣ್ಣೀರಿನ ಜೀವಿ. ನೀರಿನ ಉಷ್ಣತೆ 10ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದಕ್ಕೆ ನೆಮ್ಮದಿ. 20 ಡಿಗ್ರಿ ದಾಟಿದರೆ ಕಷ್ಟ ಶುರುವಾಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಅದು 9.1ಕ್ಕೆ, 25ರಲ್ಲಿ 8.3ಕ್ಕೆ ಇಳಿಯುತ್ತದೆ. ಡೆನ್ವರ್ 1,609 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಇದರಲ್ಲೂ ಸುಮಾರು ಆರನೇ ಒಂದು ಪಾಲು ಖೋತಾ. ಇನ್ನೊಂದು ಕಡೆ, ನೀರು ಬಿಸಿಯಾದಂತೆ ಮೀನಿನ ದೇಹದ ಚಟುವಟಿಕೆ ಹೆಚ್ಚಿ ಅದಕ್ಕೆ ಬೇಕಾದ ಆಮ್ಲಜನಕವೂ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರಿದ ಈ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕ ಟ್ರೌಟ್ ಪ್ರಾಣ ಒತ್ತೆಯಿಟ್ಟು ಸೆಣಸುತ್ತದೆ. ಬಿಟ್ಟಾಗ ಈಜಿ ಹೋದಂತೆ ಕಂಡರೂ ಎಷ್ಟೋ ಸಲ ಆಮೇಲೆ ಸಾಯುತ್ತದೆ. ಹಿಡಿದವನಿಗೆ ಅದು ಗೊತ್ತಾಗುವುದೇ ಇಲ್ಲ. ಮೊಂಟಾನಾ ರಾಜ್ಯ ಇದಕ್ಕೆ ನಿಯಮವನ್ನೇ ಮಾಡಿದೆ. ಹೊಳೆಯ ನೀರು ಸತತ ಮೂರು ದಿನ ಸುಮಾರು 23 ಡಿಗ್ರಿ ಮುಟ್ಟಿದರೆ ಮಧ್ಯಾಹ್ನ ಎರಡು ಗಂಟೆಯಿಂದ ನಡುರಾತ್ರಿಯವರೆಗೆ ಅಲ್ಲಿ ಗಾಳ ಹಾಕುವುದನ್ನು ನಿಲ್ಲಿಸಬಹುದು. ಕೊಲರಾಡೊದಲ್ಲೂ ಯಾಂಪಾದಂಥ ನದಿಗಳಲ್ಲಿ ಬರದ ಬೇಸಿಗೆಗಳಲ್ಲಿ ಮೀನು ಹಿಡಿಯುವುದನ್ನು ತಡೆದಿದ್ದಾರೆ, ಸ್ವಂತ ಇಚ್ಛೆಯಿಂದ ನಿಲ್ಲಿಸಿ ಎಂದು ಕೋರಿದ್ದಾರೆ. ಬೆಟ್ಟಗಳಲ್ಲಿ ಹಿಮ ತೆಳುವಾಗಿ ಬಿದ್ದು ಬೇಗ ಕರಗುವ ವರ್ಷಗಳಲ್ಲಿ ಇಂಥ ದಿನಗಳು ಇನ್ನೂ ಮುಂಚೆ ಬರುತ್ತವೆ.

ಹಾಗಿದ್ದರೆ ತಣ್ಣಗಿರುವ ಜಾಗ ಹುಡುಕಿಕೊಂಡು ಹೋದರಾಯಿತಲ್ಲ ಎಂದು ಅನುಭವಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 1905ರಲ್ಲಿ ಮುಗಿದ ಚೀಸ್‌ಮನ್ ಅಣೆಕಟ್ಟಿನಂಥ ಕಟ್ಟೆಗಳ ಕೆಳಗೆ, ಜಲಾಶಯದ ಆಳದಿಂದ ಬರುವ ನೀರು ನಡುಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ. ಅಲ್ಲಿ ಟ್ರೌಟ್‌ಗೆ ಬಿಸಿನೀರಿನ ಕಾಟವಿಲ್ಲ. ಆದರೆ ಒಂದು ರಾಜ್ಯದ ಬಿಸಿಯಾದ ಹೊಳೆಗಳಿಂದ ಹೊರಬಿದ್ದ ಗಾಳಗಾರರೆಲ್ಲ ಈ ಕೆಲವೇ ಮೈಲಿಗಳ ತಣ್ಣೀರಿನಲ್ಲಿ ಬಂದು ನಿಂತರೆ ಏನಾಗುತ್ತದೆ? ಅದೇ ಮೀನು ಮತ್ತೆ ಮತ್ತೆ ಕೊಕ್ಕೆಗೆ ಸಿಗುತ್ತದೆ, ದಡದ ಗಿಡಗಂಟಿ ತುಳಿತಕ್ಕೆ ಸಿಕ್ಕಿ ಸವೆಯುತ್ತದೆ, ಒಂದೊಂದು ಮಡುವಿಗೂ ಸರದಿ ಕಾಯುವ ಸ್ಥಿತಿ ಬರುತ್ತದೆ. ಆ ಕಣಿವೆಯೂ ಅಭೇದ್ಯವೇನಲ್ಲ. 2002ರ ಹೇಮನ್ ಕಾಳ್ಗಿಚ್ಚು ಚೀಸ್‌ಮನ್ ಸುತ್ತಲಿನ ಕಾಡನ್ನು ಸುಟ್ಟಾಗ, ಆಮೇಲಿನ ಮಳೆಗಳು ಬೋಳು ಬೆಟ್ಟಗಳ ಗ್ರಾನೈಟ್ ಮರಳನ್ನು ತಂದು ನದಿಗೆ ಸುರಿದವು. ಟ್ರೌಟ್ ಮೊಟ್ಟೆಯಿಡುವ ಜಲ್ಲಿಕಲ್ಲಿನ ಸಂದುಗಳೂ ನೀರುಹುಳುಗಳ ನೆಲೆಗಳೂ ಅದರಡಿ ಹೂತುಹೋದವು. ನದಿ ಚೇತರಿಸಿಕೊಳ್ಳಲು ವರ್ಷಗಳೇ ಬೇಕಾದವು. ಇಂಥ ನೀರಿನ ಮೇಲೆ ಬೇಸಿಗೆಯ ಇಡೀ ಹೊರೆ ಹಾಕುವುದು ವಿವೇಕವಲ್ಲ. ಮುಂಜಾವಿನಲ್ಲಿ ಹೋಗಿ ಬಿಸಿಲೇರುವ ಮೊದಲು ಮರಳುವವರನ್ನು ನಾನು ಆಕ್ಷೇಪಿಸುವುದಿಲ್ಲ. ಉಳಿದ ಹಗಲಿಗೆ ಇನ್ನೊಂದು ಮೀನು ಬೇಕು, ಆ ಮೀನು ಕಾಲಬುಡದಲ್ಲೇ ಇದೆ ಎಂಬುದಷ್ಟೇ ನನ್ನ ಮಾತು.

ಆ ಮೀನು ಅಲ್ಲಿಗೆ ತಾನಾಗಿ ಬಂದದ್ದಲ್ಲ. ಸಾಮಾನ್ಯ ಗೆಂಡೆಯ ತವರು ಡ್ಯಾನ್ಯೂಬ್, ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸುತ್ತಲಿನ ನೀರು. ಯುರೋಪಿನವರು ಮಧ್ಯಯುಗದಿಂದ ಕೊಳಗಳಲ್ಲಿ ಅದನ್ನು ಸಾಕಿ ತಿಂದವರು. ಜೆಕ್ ಮತ್ತು ಪೋಲೆಂಡ್ ಜನರಿಗೆ ಇವತ್ತಿಗೂ ಕ್ರಿಸ್‌ಮಸ್ ಊಟವೆಂದರೆ ಗೆಂಡೆ. ಅಮೆರಿಕದ ನದಿಗಳಲ್ಲಿ ತಿನ್ನುವ ಮೀನು ಕಡಿಮೆಯಾಗುತ್ತಿದೆ ಎಂಬ ಆತಂಕದಿಂದ 1871ರಲ್ಲಿ ಅಲ್ಲಿನ ಸರ್ಕಾರ ಮೀನುಗಾರಿಕೆ ಆಯೋಗವನ್ನು ಸ್ಥಾಪಿಸಿತು. ಅದರ ಮೊದಲ ಆಯುಕ್ತ ಸ್ಪೆನ್ಸರ್ ಬೇರ್ಡ್ ಎಂಬ ದೊಡ್ಡ ಪ್ರಕೃತಿ ವಿಜ್ಞಾನಿ. ಬೇಗ ಬೆಳೆಯುವ, ಸಿಕ್ಕಿದ್ದನ್ನು ತಿನ್ನುವ, ಬಿಸಿನೀರು ತಾಳುವ ಗೆಂಡೆ ಬಡವರಿಗೂ ರೈತರಿಗೂ ಅಗ್ಗದ ಆಹಾರವಾದೀತೆಂದು ಅವರು ನಂಬಿದರು. 1877ರಲ್ಲಿ ರುಡಾಲ್ಫ್ ಹೆಸ್ಸೆಲ್ ಜರ್ಮನಿಯಿಂದ ತಂದ 345 ಗೆಂಡೆಗಳನ್ನು ಬಾಲ್ಟಿಮೋರ್ ನಗರದ ಡ್ರೂಯಿಡ್ ಹಿಲ್ ಉದ್ಯಾನದ ಕೊಳಗಳಲ್ಲಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ವಾಷಿಂಗ್ಟನ್‌ನಲ್ಲೂ ಮರಿ ಮಾಡಿಸಿ, ರೈಲಿನಲ್ಲಿ ರಾಜ್ಯ ರಾಜ್ಯಕ್ಕೆ ಕಳಿಸಿದರು. ಸಂಸತ್ ಸದಸ್ಯರು ತಮ್ಮ ಕ್ಷೇತ್ರದ ಜನರಿಗೆ ಮೀನು ಕೊಡಿಸಿ ಹೆಸರು ಪಡೆದರು. ಕೊಳದ ಕಟ್ಟೆ ಒಡೆದಲ್ಲಿ, ಹೊಳೆ ಉಕ್ಕಿದಲ್ಲಿ ಗೆಂಡೆ ನದಿ ಸೇರಿತು. ಇಪ್ಪತ್ತನೇ ಶತಮಾನ ಬರುವಷ್ಟರಲ್ಲಿ ಅದು ಬೇಡವಾದ ಮೀನಾಗಿತ್ತು. ಮುಳ್ಳು ಹೆಚ್ಚು, ಕೆಸರಿನ ವಾಸನೆ, ಕೆರೆಯ ತಳ ಕೆದಕಿ ನೀರು ಕದಡುತ್ತದೆ ಎಂದು ದೂರುಗಳು ಬಂದವು. ಕರೆತಂದವರು ಮನುಷ್ಯರು, ಅಪವಾದ ಹೊತ್ತದ್ದು ಮೀನು.

ಇಲ್ಲಿ ಒಂದು ಪಕ್ಷಪಾತವನ್ನು ಎತ್ತಿ ತೋರಿಸಲೇಬೇಕು. ಗೆಂಡೆ ಹೊರಗಿನದು, ಟ್ರೌಟ್ ಈ ನೆಲದ್ದು ಎಂಬ ಭಾವನೆಯಿಂದ ಅನೇಕರು ಮಾತಾಡುತ್ತಾರೆ. ಸೌತ್ ಪ್ಲಾಟ್‌ನಲ್ಲಿ ಜನ ಹಿಡಿದು ಸಂಭ್ರಮಿಸುವ ಎರಡು ಟ್ರೌಟ್‌ಗಳನ್ನು ನೋಡಿ. ಬ್ರೌನ್ ಟ್ರೌಟ್ ಯುರೋಪಿನದು. ಅದರ ಮೊಟ್ಟೆಗಳು ಜರ್ಮನಿಯಿಂದ ಅಮೆರಿಕಕ್ಕೆ ಬಂದದ್ದು 1883ರಲ್ಲಿ, ಬೇರ್ಡ್ ಅವರ ಗೆಂಡೆ ಬಂದು ಆರು ವರ್ಷಗಳ ಮೇಲೆ. ರೇನ್‌ಬೋ ಟ್ರೌಟ್ ಪೆಸಿಫಿಕ್ ಕರಾವಳಿಯ ಕಡೆಯ ಹೊಳೆಗಳದು. ಅದನ್ನು ಬೆಟ್ಟ ದಾಟಿಸಿ ತಂದದ್ದೂ ಮನುಷ್ಯರೇ. ಈ ನದಿಯ ನಿಜವಾದ ಮೂಲನಿವಾಸಿ ಗ್ರೀನ್‌ಬ್ಯಾಕ್ ಕಟ್‌ಥ್ರೋಟ್ ಎಂಬ ಟ್ರೌಟ್, 1994ರಿಂದ ಕೊಲರಾಡೊದ ರಾಜ್ಯ ಮೀನು. ಗಣಿಗಳ ಹೊಲಸು, ಅತಿಯಾದ ಬೇಟೆ, ಹೊರಗಿನ ಟ್ರೌಟ್‌ಗಳ ಪೈಪೋಟಿ ಮತ್ತು ಬೆರಕೆಯಿಂದ ಅದು ನಾಶವಾಗಿಹೋಯಿತೆಂದು ಒಂದು ಕಾಲಕ್ಕೆ ತಿಳಿದಿದ್ದರು. 2012ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ, ಅಪ್ಪಟ ಗ್ರೀನ್‌ಬ್ಯಾಕ್ ಉಳಿದಿರುವುದು ಕೊಲರಾಡೊ ಸ್ಪ್ರಿಂಗ್ಸ್ ಬಳಿಯ ಬೇರ್ ಕ್ರೀಕ್ ಎಂಬ ಸಣ್ಣ ಹಳ್ಳದಲ್ಲಿ ಮಾತ್ರ ಎಂದು ತೋರಿಸಿತು. ಆ ಹಳ್ಳ ಸೌತ್ ಪ್ಲಾಟ್ ಜಲಾನಯನಕ್ಕೆ ಸೇರಿದ್ದೂ ಅಲ್ಲ. ಅಲ್ಲಿಂದ ಮರಿ ಮಾಡಿಸಿ ತಂದುಬಿಟ್ಟ ಮೀನು ಹರ್ಮನ್ ಗಲ್ಚ್ ಎಂಬ ತೊರೆಯಲ್ಲಿ ತಾನಾಗಿ ಸಂತಾನ ಬೆಳೆಸುತ್ತಿದೆ ಎಂದು 2022ರಲ್ಲಿ ರಾಜ್ಯದ ವನ್ಯಜೀವಿ ಇಲಾಖೆ ಪ್ರಕಟಿಸಿತು. ಹೊರಗಿನಿಂದ ಬಂದದ್ದೇ ಅಪರಾಧವಾದರೆ ಬ್ರೌನ್, ರೇನ್‌ಬೋ, ಗೆಂಡೆ ಮೂರೂ ಒಂದೇ ಕಟಕಟೆಯಲ್ಲಿ ನಿಲ್ಲಬೇಕು. ಮೂಲ ಟ್ರೌಟನ್ನು ಅದರ ತಣ್ಣನೆಯ ತವರಿನಲ್ಲೇ ಅಟ್ಟಿದ್ದು ಬಹುಮಟ್ಟಿಗೆ ಅದರದೇ ಕುಲದ ಮೀನುಗಳು. ಬಿಸಿ, ಕದಡಿದ ನೀರನ್ನು ಬಯಸುವ ಗೆಂಡೆ ಆ ತೊರೆಗಳವರೆಗೆ ಹತ್ತಲೇ ಇಲ್ಲ.

ಕನ್ನಡಿಗರಿಗೆ ಈ ಕತೆ ದೂರದ್ದಲ್ಲ. ನಮ್ಮ ಮಗ್ಗುಲ ನೀಲಗಿರಿಗೆ ಬ್ರಿಟಿಷರು ತಮ್ಮ ಗಾಳದ ಮೋಜಿಗಾಗಿ ಟ್ರೌಟ್ ತಂದರು. ಅದೇ ನೀಲಗಿರಿಗೆ 1939ರಲ್ಲಿ ಸಿಲೋನಿನಿಂದ ಸಾಮಾನ್ಯ ಗೆಂಡೆ ಬಂತು. 1957ರಲ್ಲಿ ಬ್ಯಾಂಕಾಕ್‌ನಿಂದ ಬಂದ ಇನ್ನೊಂದು ತಳಿ ಬಯಲುಸೀಮೆಯ ಕೆರೆಗಳಿಗೂ ಹಬ್ಬಿತು. ಈಗ ಕಾಟ್ಲಾ, ರೋಹುಗಳ ಜೊತೆಗೆ ಅದು ನಮ್ಮ ಮಾರುಕಟ್ಟೆಯ ಮಾಮೂಲಿ ಮೀನು. ಕಾವೇರಿಯ ಮಹಸೀರ್ ಗೆಂಡೆಯ ದೊಡ್ಡ ಕುಟುಂಬಕ್ಕೇ ಸೇರಿದ್ದು ಎಂಬುದನ್ನೂ ನೆನಪಿಡಬೇಕು. ಭೀಮೇಶ್ವರಿ, ಗಾಲಿಬೋರೆಗಳ ನೀರಿಗೆ ಲೋಕದ ಗಾಳಗಾರರನ್ನು ಸೆಳೆದದ್ದು ಈ ಗೂನುಬೆನ್ನಿನ ಮಹಸೀರ್. ಅದು ಕಡಿಮೆಯಾದಾಗ ಒಳ್ಳೆಯ ಉದ್ದೇಶದಿಂದಲೇ ಮಹಾರಾಷ್ಟ್ರದ ಲೋನಾವಳಾದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಹೊಸಬನ ಸಂತತಿ ಬೆಳೆಯಿತು, ಹಳಬ ಮೂಲೆಗೆ ಸರಿದ. 2018ರಲ್ಲಿ ಗೂನುಬೆನ್ನಿನ ಮಹಸೀರ್ ತೀವ್ರ ಅಪಾಯದ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿ ಸೇರಿತು. ಮೀನಿನ ಗೌರವ ನೋಡಿ ಮಾಡಿದ ಕೆಲಸ ನದಿಗೆ ಒಳಿತನ್ನೇ ತರಬೇಕೆಂದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕೊಲರಾಡೊ ಆಗಲಿ ಕಾವೇರಿ ಆಗಲಿ, ಮೊದಲು ಕೇಳಬೇಕಾದ ಪ್ರಶ್ನೆ ಈ ನೀರಿನಲ್ಲಿ ಈಗ ಯಾವ ಜೀವ ದಣಿದಿದೆ, ಯಾವುದು ತಡೆದೀತು ಎಂಬುದು.

ಗೆಂಡೆ ತಡೆಯಬಲ್ಲ ಮೀನು. ಜುಲೈ ಮಧ್ಯಾಹ್ನದ ನೀರು ಟ್ರೌಟ್‌ಗೆ ಉಸಿರುಗಟ್ಟಿಸುವಾಗ ಗೆಂಡೆ ಮೊಣಕಾಲುದ್ದ ನೀರಿನಲ್ಲಿ ಬಾಲ ಮೇಲೆತ್ತಿ ನಿಶ್ಚಿಂತೆಯಿಂದ ಮೇಯುತ್ತಿರುತ್ತದೆ. ಹಾಗೆಂದು ಅದು ಸುಲಭದ ತುತ್ತಲ್ಲ. ಕೈಲಾಗದವನು ಮೈ ಪರಚಿಕೊಂಡಂತೆ, ಟ್ರೌಟ್ ಸಿಗದವರು ಗೆಂಡೆಯನ್ನು ಹೊಗಳುತ್ತಾರೆ ಎಂದು ಮೂದಲಿಸುವವರು ಆ ಮೀನಿನ ದೇಹವನ್ನು ಅರಿತಿಲ್ಲ. ಗೆಂಡೆಯ ಗಾಳಿಚೀಲಕ್ಕೂ ಒಳಕಿವಿಗೂ ನಡುವೆ ಪುಟ್ಟ ಮೂಳೆಗಳ ಸರಪಳಿಯಿದೆ. ಜರ್ಮನಿಯ ಅರ್ನ್ಸ್ಟ್ ವೇಬರ್ 1820ರಲ್ಲಿ ವರ್ಣಿಸಿದ ಈ ರಚನೆ ಟ್ರೌಟ್‌ಗೆ ಇಲ್ಲ. ನೀರಿನ ಕಂಪನ ಗಾಳಿಚೀಲವನ್ನು ಅದುರಿಸಿ, ಮೂಳೆಗಳ ಮೂಲಕ ಕಿವಿ ಸೇರುವುದರಿಂದ ದಡದ ಕಲ್ಲು ಉರುಳಿದರೂ ಗೆಂಡೆಗೆ ತಿಳಿಯುತ್ತದೆ. ಇದರ ಬಳಗದ ಮೀನಿನ ಚರ್ಮ ಗಾಯಗೊಂಡಾಗ ನೀರಿಗೆ ಬಿಡುಗಡೆಯಾಗುವ ವಸ್ತುವೊಂದು ಉಳಿದ ಮೀನುಗಳನ್ನು ಎಚ್ಚರಿಸಿ ಚದುರಿಸುತ್ತದೆ. ಜೇನುನೊಣಗಳ ಅಧ್ಯಯನಕ್ಕೆ ಮುಂದೆ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಷ್ ಇದನ್ನು ವಿವರಿಸಿದ್ದು 1938ರಲ್ಲಿ. ಬಾಯಿಯ ಎರಡು ಜೊತೆ ಮೀಸೆಗಳು ಕೆಸರಿನಲ್ಲಿ ರುಚಿ ಹುಡುಕುತ್ತವೆ. ಜಠರವೇ ಇಲ್ಲದ ಈ ಮೀನು ಆಗಾಗ ಸ್ವಲ್ಪಸ್ವಲ್ಪವೇ ತಿನ್ನುತ್ತದೆ. ಕೆಸರನ್ನು ಬಾಯಿಗೆ ಎಳೆದುಕೊಂಡು, ಬೇಕಾದದ್ದನ್ನು ಉಳಿಸಿ, ಬೇಡದ್ದನ್ನು ಕ್ಷಣದಲ್ಲಿ ಉಗುಳುತ್ತದೆ. ಆ ಕ್ಷಣದೊಳಗೆ ಗಾಳ ಸೆಳೆಯದಿದ್ದರೆ ಫ್ಲೈ ಕೂಡ ಉಗುಳಿನ ಜೊತೆ ಹೊರಬಂದಿರುತ್ತದೆ.

ಹೀಗಾಗಿ ಗೆಂಡೆಯ ಬೇಟೆ ಕೈಯ ಕೆಲಸಕ್ಕಿಂತ ಕಣ್ಣಿನ ಕೆಲಸ. ಡೆನ್ವರಿನ ದಂಡೆಯಲ್ಲಿ ಇದನ್ನು ಬಲ್ಲವರು ಮೊದಲು ನಡೆಯುತ್ತಾರೆ, ಎಸೆಯುವುದು ಆಮೇಲೆ. ಸೂರ್ಯನಿಗೆ ಬೆನ್ನು ಮಾಡಿ, ನೀರಿನ ಹೊಳಪು ಕಳೆಯುವ ಪೋಲರಾಯ್ಡ್ ಕನ್ನಡಕ ಹಾಕಿ, ದಡದ ಎತ್ತರದಿಂದ ನೋಡುತ್ತ ಹೋಗುತ್ತಾರೆ. ಮೇಲ್ಮೈಯಲ್ಲಿ ಬಿಸಿಲು ಕಾಯುತ್ತ ನಿಂತ ಗೆಂಡೆ ಫ್ಲೈಯನ್ನು ಮೂಸುವುದಿಲ್ಲ. ವೇಗವಾಗಿ ಈಜಿ ಹೋಗುವುದೂ ಸಿಗುವುದು ಅಪರೂಪ. ತಲೆ ತಗ್ಗಿಸಿ, ಬಾಲ ಅಲ್ಲಾಡಿಸುತ್ತ, ಕೆಸರಿನ ಹೊಗೆ ಎಬ್ಬಿಸುತ್ತ ಮೇಯುವ ಮೀನೇ ಗುರಿ. ಫ್ಲೈ ಅದರ ತಲೆಯ ಮೇಲೆ ಬಿದ್ದರೆ ಅದು ಪರಾರಿ, ದೂರ ಬಿದ್ದರೆ ಅದಕ್ಕೆ ಕಾಣುವುದೇ ಇಲ್ಲ. ಆದ್ದರಿಂದ ಮೀನಿನ ಆಚೆ ಎಸೆದು, ಮೆಲ್ಲಗೆ ಎಳೆದು ತಂದು, ಬಾಯಿಯಿಂದ ಒಂದು ಗೇಣಿನೊಳಗೆ ತಳಕ್ಕೆ ಇಳಿಸುತ್ತಾರೆ. ಆಮೇಲೆ ದಾರದಲ್ಲಿ ಜಗ್ಗು ಬರುವುದಿಲ್ಲ. ಮೀನು ಅರೆಗಳಿಗೆ ನಿಲ್ಲುವುದು, ಸ್ವಲ್ಪ ವಾಲುವುದು, ಬಿಳಿ ತುಟಿ ತೆರೆದು ಮುಚ್ಚುವುದು, ಇಷ್ಟೇ ಸುಳಿವು. ಸಿಕ್ಕ ಮೇಲೆ ನಾಲ್ಕೈದು ಕಿಲೋ ತೂಕದ ಮೀನು ಸೇತುವೆಯ ಕಂಬಗಳತ್ತ ಓಡುವಾಗ ಫ್ಲೈ ಕೋಲುಗಳ ದರ್ಜೆಯಲ್ಲಿ ಏಳು, ಎಂಟನೇ ತೂಕದ್ದೆನ್ನುವ ಗಟ್ಟಿ ಕೋಲೇ ಬೇಕು. ಕ್ರೇಫಿಶ್, ಜಿಗಣೆ, ಹುಳು, ನೀರುಹುಳುವಿನ ಮರಿಗಳನ್ನು ಹೋಲುವ ಫ್ಲೈಗಳು ಸಾಮಾನ್ಯ. ಬೇಸಿಗೆಯ ಆರಂಭದಲ್ಲಿ ಕಾಟನ್‌ವುಡ್ ಮರಗಳ ಹತ್ತಿ ಬೀಜ ನೀರಿನ ಮೇಲೆ ತೇಲಿದಾಗ ಗೆಂಡೆ ಅದನ್ನೂ ಹೀರುತ್ತದೆ. ಮಧ್ಯಪಶ್ಚಿಮದ ಹಾಗೂ ದಕ್ಷಿಣದ ರಾಜ್ಯಗಳಲ್ಲಿ ಹಿಪ್ಪುನೇರಳೆ ಮರದಡಿ ಹಣ್ಣು ಉದುರುವುದನ್ನು ಕಾದು ನಿಲ್ಲುತ್ತದೆ, ಆ ಹಣ್ಣನ್ನೇ ಹೋಲುವ ಫ್ಲೈ ಕಟ್ಟುವವರೂ ಇದ್ದಾರೆ. ಬ್ಯಾರಿ ರೆನಾಲ್ಡ್ಸ್ ಮತ್ತು ಜೊತೆಗಾರರು 1997ರಲ್ಲಿ ಗೆಂಡೆಯ ಫ್ಲೈ ಫಿಶಿಂಗ್ ಬಗ್ಗೆಯೇ ಒಂದು ಪೂರ್ತಿ ಪುಸ್ತಕ ಬರೆದರು. ಮಿಷಿಗನ್ ಸರೋವರದ ಬೀವರ್ ದ್ವೀಪದ ಸುತ್ತಲಿನ ತಿಳಿನೀರಿಗೆ, ವಾಷಿಂಗ್ಟನ್ ರಾಜ್ಯದ ಬ್ಯಾಂಕ್ಸ್ ಸರೋವರಕ್ಕೆ ಈಗ ಗೆಂಡೆಗಾಗಿಯೇ ಪ್ರಯಾಣ ಮಾಡುವವರಿದ್ದಾರೆ.

ಇದಕ್ಕಿಂತ ದೊಡ್ಡ ಲಾಭ ನದಿಗೆ ಸಲ್ಲುವಂಥದು. ಡೆನ್ವರ್ ಹುಟ್ಟಿದ್ದೇ ಸೌತ್ ಪ್ಲಾಟ್ ಮತ್ತು ಚೆರ್ರಿ ಕ್ರೀಕ್ ಕೂಡುವಲ್ಲಿ, 1858ರ ಚಿನ್ನದ ಆಸೆಯಿಂದ. ಊರು ಬೆಳೆದಂತೆ ನದಿ ಅದರ ಹಿತ್ತಲಾಯಿತು, ಕಸದ ಗುಂಡಿಯಾಯಿತು. 1965ರ ಜೂನ್ 16ರ ಮಹಾಪೂರ ನಗರವನ್ನು ನಡುಗಿಸಿದ ಮೇಲೆ ಚಾಟ್‌ಫೀಲ್ಡ್ ಅಣೆಕಟ್ಟು ಎದ್ದಿತು. 1974ರಿಂದ ಜೋ ಶೂಮೇಕರ್ ಮುಂದಾಳತ್ವದಲ್ಲಿ ದಂಡೆಯುದ್ದಕ್ಕೂ ಉದ್ಯಾನ, ಸೈಕಲ್ ದಾರಿಗಳು ಬಂದವು. ಆದರೂ ಬೇಸಿಗೆಯಲ್ಲಿ ನೀರು ಸಾಲುವುದಿಲ್ಲ, ಮಳೆ ಬಂದರೆ ರಸ್ತೆಯ ಕೊಳೆ ಹರಿದು ಬರುತ್ತದೆ. ಊರಿನ ಉತ್ತರದಲ್ಲಿ ಸಂಸ್ಕರಿಸಿದ ಒಳಚರಂಡಿ ನೀರು ಸೇರಿದ ಮೇಲೆ, ವರ್ಷದ ಬಹುಪಾಲು ಕಾಲ ನದಿಯಲ್ಲಿ ಹರಿಯುವ ನೀರಿನ ದೊಡ್ಡ ಪಾಲು ಅದೇ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನದಿಗೂ ಸಲ್ಲುತ್ತದೆ. ಬೆಟ್ಟದ ಮೇಲಿನ ತೊರೆಗೆ ಜೀವ ಬಿಡುವವರು ಮನೆಯ ಹಿಂದಿನ ಹೊಳೆಯ ಕಡೆ ನೋಡುವುದಿಲ್ಲ. ಗೆಂಡೆಯ ಬೆನ್ನು ಹತ್ತಿದವರು ನೋಡಲೇಬೇಕಾಗುತ್ತದೆ. ಎಲ್ಲಿ ನೀರು ನಿಂತಿದೆ, ಯಾವ ಕೊಳವೆಯಿಂದ ಬಣ್ಣದ ನೀರು ಬರುತ್ತಿದೆ, ಯಾವ ತಡೆಯಿಂದ ಮೀನು ಮೇಲೇರಲಾರದು ಎಂಬುದು ಅವರಿಗೆ ಗೊತ್ತು. 1959ರಲ್ಲಿ ಮಿಷಿಗನ್‌ನಲ್ಲಿ ಹುಟ್ಟಿದ ಟ್ರೌಟ್ ಅನ್‌ಲಿಮಿಟೆಡ್ ಎಂಬ ಸಂಘದ ಡೆನ್ವರ್ ಶಾಖೆ 2007ರಲ್ಲಿ ಕಾರ್ಪ್ ಸ್ಲಾಮ್ ಎಂಬ ಸ್ಪರ್ಧೆ ಶುರುಮಾಡಿತು. ಅದರ ಹಣ ನಗರದೊಳಗಿನ ಸೌತ್ ಪ್ಲಾಟ್ ಸುಧಾರಣೆಗೆ ಹೋಗುತ್ತದೆ. ಟ್ರೌಟ್ ಹೆಸರಿನ ಸಂಘ ಗೆಂಡೆಯ ನೆರವಿನಿಂದ ನದಿ ಕಾಯುತ್ತಿದೆ. ಬೆಂಗಳೂರಿನ ವೃಷಭಾವತಿಯನ್ನು ಮೋರಿ ಎಂದು ಕರೆದು ಸುಮ್ಮನಾದ ನಮಗೆ ಇದರಲ್ಲಿ ಪಾಠವಿದೆ. ಯಾರೂ ದಡಕ್ಕೆ ಹೋಗದ ನದಿಯ ಪರವಾಗಿ ಮಾತಾಡುವವರು ಹುಟ್ಟುವುದಿಲ್ಲ.

ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಕೆರೆಗಳನ್ನು ಹಾಳುಮಾಡುವ ಮೀನನ್ನು ಹಿಡಿದು ಮತ್ತೆ ನೀರಿಗೇ ಬಿಡುವುದು ಸರಿಯೇ? ಹಾನಿ ನಿಜ. ಆರೆಗನ್ ರಾಜ್ಯದ ಮಾಲ್ಹ್ಯೂರ್ ಸರೋವರದಲ್ಲಿ ಗೆಂಡೆ ತಳ ಕೆದಕಿ ಜಲಸಸ್ಯಗಳನ್ನು ಅಳಿಸಿ, ವಲಸೆ ಹಕ್ಕಿಗಳ ಆಹಾರ ಕಿತ್ತುಕೊಂಡಿದೆ. ಯೂಟಾ ಸರೋವರದಲ್ಲಿ ಜೂನ್ ಸಕರ್ ಎಂಬ, ಬೇರೆಲ್ಲೂ ಇಲ್ಲದ ಮೀನು ವಿನಾಶದ ಅಂಚಿಗೆ ಬರಲು ಗೆಂಡೆ ಒಂದು ಮುಖ್ಯ ಕಾರಣ. ಅಲ್ಲಿ ಏನು ಮಾಡಿದರು ನೋಡಿ. ವೃತ್ತಿಪರ ಮೀನುಗಾರರು ದೊಡ್ಡ ಬಲೆಗಳಿಂದ ವರ್ಷಗಟ್ಟಲೆ ಟನ್ನುಗಟ್ಟಲೆ ಗೆಂಡೆ ಎತ್ತಿದರು, ಜೊತೆಗೆ ಸಕರ್ ಮೊಟ್ಟೆಯಿಡುವ ಉಪನದಿಗಳ ನೆಲೆಯನ್ನು ಸರಿಪಡಿಸಿದರು. 2021ರಲ್ಲಿ ಆ ಮೀನಿನ ಅಪಾಯದ ದರ್ಜೆ ಒಂದು ಹಂತ ಇಳಿಯಿತು. ಒಂದೇ ಹೆಣ್ಣು ಗೆಂಡೆ ಲಕ್ಷಗಟ್ಟಲೆ ಮೊಟ್ಟೆಯಿಡುವಾಗ ಕೋಲು ಹಿಡಿದವನೊಬ್ಬ ಹಿಡಿದ ಒಂದೆರಡನ್ನು ದಡದಲ್ಲಿ ಕೊಳೆಯಲು ಎಸೆದರೆ ನದಿಗೇನೂ ಉಪಕಾರವಿಲ್ಲ. ಅದು ತಿರಸ್ಕಾರ, ಸಂರಕ್ಷಣೆಯಲ್ಲ. ನಗರದ ಸೌತ್ ಪ್ಲಾಟ್‌ನಲ್ಲಿ ಗೆಂಡೆ ಮೆರೆಯಲು ಕಾರಣ ನಾವು ಮಾಡಿಟ್ಟ ಬಿಸಿ, ನಿಧಾನ, ನೆರಳಿಲ್ಲದ ಹರಿವು. ಅದು ಸುಧಾರಿಸಿದಂತೆ ಮೀನಿನ ಲೆಕ್ಕವೂ ಬದಲಾಗುತ್ತದೆ. ಹಾಗೆಂದು ಎಲ್ಲೆಡೆ ಒಂದೇ ಸೂತ್ರ ಸಲ್ಲದು. ಆಸ್ಟ್ರೇಲಿಯಾದ ವಿಕ್ಟೋರಿಯಾದಂಥ ಕಡೆ ಹಿಡಿದ ಗೆಂಡೆಯನ್ನು ಜೀವಂತ ನೀರಿಗೆ ಬಿಡುವುದು ಕಾನೂನಿಗೆ ವಿರುದ್ಧ. ಅಲ್ಲಿ ಕೊಲ್ಲಬೇಕು, ಸಾಧ್ಯವಾದರೆ ತಿನ್ನಬೇಕು. ಎಲ್ಲಿಯೂ ಜೀವಂತ ಗೆಂಡೆಯನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಒಯ್ಯಬಾರದು. ಗೆಂಡೆಯನ್ನು ಗೌರವದಿಂದ ಕಾಣುವುದು ಬೇರೆ, ಅದನ್ನು ಹರಡುವುದು ಬೇರೆ.

ಕನ್ನಡ ಓದುಗರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಮತ್ತೊಂದು ಬಗೆಯದು. ತಿನ್ನುವುದಕ್ಕಲ್ಲದಿದ್ದರೆ ಹಿಡಿಯುವುದೇಕೆ, ಜೀವಕ್ಕೆ ನೋವು ಕೊಡುವುದೇಕೆ? ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನಿಗೆ ಅಕ್ಕಿ ಹಾಕಿ ಕೈಮುಗಿಯುವ ನಾಡಿನ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಟ್ರೌಟ್‌ನ ತುಟಿಯಲ್ಲಿ ನೋವನ್ನು ಗ್ರಹಿಸುವ ನರಗಳಿವೆ ಎಂದು ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದ್ದಾರೆ. ಗಾಳದಿಂದ ಮೀನಿಗೆ ಏನೂ ಆಗುವುದಿಲ್ಲ ಎಂದು ವಾದಿಸುವುದು ಪ್ರಾಮಾಣಿಕತೆಯಲ್ಲ. ಗಾಳವನ್ನೇ ಮುಟ್ಟುವುದಿಲ್ಲ ಎಂಬ ನಿಲುವು ಸುಸಂಗತವಾದದ್ದು, ಅದನ್ನು ಗೌರವಿಸುತ್ತೇನೆ. ಆದರೆ ಕೋಲು ಹಿಡಿದು ಹೊರಡುವ ಲಕ್ಷಾಂತರ ಜನ ಇದ್ದಾರೆ. ಅವರ ಮುಂದೆ ಆಯ್ಕೆಗಳಿವೆ, ಆಯ್ಕೆಗಳ ನಡುವೆ ವ್ಯತ್ಯಾಸವಿದೆ. ಬಿಸಿನೀರಿನಲ್ಲಿ ಹಿಡಿದ ಟ್ರೌಟ್ ಸಾಯುವ ಸಂಭವ ಹೆಚ್ಚು, ಅದೇ ನೀರಿನ ಗೆಂಡೆ ಉಳಿಯುವ ಸಂಭವ ಹೆಚ್ಚು. ಮುಳ್ಳು ಚಪ್ಪಟೆ ಮಾಡಿದ ಕೊಕ್ಕೆ, ಬೇಗ ದಡ ಸೇರಿಸುವಷ್ಟು ಗಟ್ಟಿ ದಾರ, ಒದ್ದೆ ಕೈ, ನೀರಿನಿಂದ ಎತ್ತದೆ ಕೊಕ್ಕೆ ಬಿಡಿಸುವುದು, ಇಷ್ಟು ಶಿಸ್ತು ಇದ್ದರೆ ಹಾನಿ ಇನ್ನೂ ಕಡಿಮೆ. ನಗರದ ಕೊಳೆ ಸೇರುವ ನೀರಿನ ಹಿರಿಯ ಮೀನು ಊಟಕ್ಕೆ ಯೋಗ್ಯವಲ್ಲದ ಕಾರಣ ಅಲ್ಲಿ ಬಿಡುವುದೇ ಲೇಸು. ಗೆಂಡೆಗೂ ಮಿತಿಯಿದೆ ಎಂಬುದನ್ನು ಮರೆಯಬಾರದು. ನೀರು 30 ಡಿಗ್ರಿ ದಾಟಿದಾಗ ಅದನ್ನೂ ಅದರ ಪಾಡಿಗೆ ಬಿಡುವುದು ಮನುಷ್ಯತ್ವ.

ಡೆನ್ವರ್, ಬೋಲ್ಡರ್ ಕಡೆ ಕೆಲಸಕ್ಕೆ ಹೋಗಿ ನೆಲೆಸಿದ, ಮಕ್ಕಳ ಬೇಸಿಗೆ ರಜೆಗೆ ಬೆಟ್ಟದ ಹಾದಿ ಹಿಡಿಯುವ ಕನ್ನಡಿಗರಿಗೆ ನನ್ನ ಕೋರಿಕೆ ಇಷ್ಟು. ಮೀನು ಹಿಡಿಯುವ ಆಸಕ್ತಿಯಿದ್ದರೆ ಗಾಳದ ಪೆಟ್ಟಿಗೆಯಲ್ಲಿ ಮೊದಲು ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಕೊಲರಾಡೊದಲ್ಲಿ 16 ವರ್ಷ ತುಂಬಿದವರಿಗೆ ಪರವಾನಗಿ ಕಡ್ಡಾಯ, ಅದನ್ನು ಕೊಂಡುಕೊಳ್ಳಿ. ಹೊಳೆಯ ನೀರು 20 ಡಿಗ್ರಿ ತೋರಿಸಿದರೆ ಟ್ರೌಟ್‌ಗೆ ಅವತ್ತು ರಜೆ ಕೊಟ್ಟು ಊರಿನ ನದಿಗೆ ಇಳಿಯಿರಿ. ಅಲ್ಲಿ ಸಿಗುವ ಮೀನು ಹೆಚ್ಚಿನ ಏಕಾಗ್ರತೆ ಬೇಡುತ್ತದೆ, ಬಿಸಿಲನ್ನು ತಡೆದುಕೊಳ್ಳುತ್ತದೆ, ನಿಮ್ಮನ್ನು ನೀವು ಬದುಕುವ ಊರಿನ ನೀರಿಗೆ ಪರಿಚಯಿಸುತ್ತದೆ. ಆ ನೀರಿನಲ್ಲಿ ಕಂಡ ಕೊಳೆಯ ಬಗ್ಗೆ ನಗರಸಭೆಗೆ ಬರೆಯಿರಿ, ದಂಡೆ ಶುಚಿಗೊಳಿಸುವ ದಿನ ಕೈ ಜೋಡಿಸಿ. ಮಾಗಿ ಹತ್ತಿರವಾಗಿ ಬೆಟ್ಟದ ತೊರೆಗಳು ತಣ್ಣಗಾದಾಗ ಟ್ರೌಟ್ ಅಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಅದನ್ನು ಬಿಟ್ಟು ಬದುಕಿಸಿದವರಿಗೆ ಮಾತ್ರ ಅದನ್ನು ಹುಡುಕಿ ಹೋಗುವ ಹಕ್ಕಿದೆ.